ಕೆರೆಗೋಡು ತುಂಬಿದ ಕವರ್‌ಗಳು: ಅರೇಹಳ್ಳಿ ಕಡೆಯ ಒಂದು ಕಾಫಿ ನರ್ಸರಿಯ ಪ್ರಕರಣ

ಹೋದ ವರ್ಷ ಜುಲೈ ಮೂರನೇ ವಾರ. ಮಳೆ ಹಿಡಿದು ಹತ್ತು ದಿನ ಆಗಿತ್ತು. ಭಾವ ಫೋನ್ ಮಾಡಿ, "ಬೀಜ ಕೊಟ್ಟವನು ಮೋಸ ಮಾಡಿದ ಕಣೋ. ಗಿಡ ಎಲ್ಲ ಹಳದಿ ತಿರುಗಿ ಸಾಯ್ತಾ ಇವೆ" ಅಂದರು. ಭಾನುವಾರ ಹಾಸನದಿಂದ ಹೊರಟೆ.

ಅಕ್ಕ-ಭಾವನ ತೋಟ ಇರುವುದು ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಡೆ. ಆರು ಎಕರೆ ಅರೇಬಿಕಾ, ನೆರಳಿನ ಮರಗಳ ಮೇಲೆ ಮೆಣಸು. ಬಿಳಿ ಕಾಂಡಕೊರಕ ಹೊಡೆದು ಹಳೆ ಗಿಡ ಕಿತ್ತ ಜಾಗ ಬಹಳ ಇತ್ತು. ಅದನ್ನು ತುಂಬಲು ಭಾವ ಮೊದಲ ಸಲ ಸ್ವಂತ ನರ್ಸರಿ ಮಾಡಿದ್ದರು. ಡಿಸೆಂಬರ್ ಕೊನೆಗೆ ಎಸ್.795 ಅನ್ನುವ ಅರೇಬಿಕಾ ತಳಿಯ ಬೀಜ ಪಾತಿಗೆ ಹಾಕಿದ್ದು. ಮೊಳಕೆ ಬಂದು ತಲೆ ಮೇಲೆ ಬೀಜದ ಟೋಪಿ ಹೊತ್ತು ನಿಂತಾಗ, ಅಂದರೆ ಫೆಬ್ರವರಿ ಕೊನೆಗೆ, ಕವರ್‌ಗೆ ಬದಲಾಯಿಸಿದ್ದರು. ಒಂಬತ್ತು ಇಂಚು ಉದ್ದ, ಆರು ಇಂಚು ಅಗಲದ ಮಾಮೂಲಿ ಪ್ಲಾಸ್ಟಿಕ್ ಕವರ್. ಒಟ್ಟು 2,400.

ಮೇ ತಿಂಗಳವರೆಗೆ ಗಿಡ ಚೆನ್ನಾಗಿಯೇ ಇದ್ದವಂತೆ. ಮಳೆ ಶುರುವಾದ ಮೇಲೆ ಕಥೆ ಬದಲಾಯಿತು. ನಾನು ಹೋದ ದಿನ ಎಣಿಸಿದೆವು. ಸುಮಾರು 700 ಸತ್ತಿದ್ದವು ಅಥವಾ ಸಾಯುವ ಹಂತದಲ್ಲಿದ್ದವು. 900 ಹಳದಿಯಾಗಿ, ಬೆಳವಣಿಗೆ ನಿಂತು, ಗೇಣುದ್ದಕ್ಕೆ ಮುಷ್ಕರ ಹೂಡಿದ್ದವು.

ಅಷ್ಟರಲ್ಲಿ ಭಾವ ಮೂರು ಕೆಲಸ ಮಾಡಿ ಮುಗಿಸಿದ್ದರು. ಬೀಜ ಕೊಟ್ಟವನನ್ನು ಬೈದಿದ್ದರು. ಅಂಗಡಿಯವರು ಹೇಳಿದ ಶಿಲೀಂಧ್ರನಾಶಕ ಎರಡು ಸಲ ಹೊಡೆಸಿದ್ದರು. ಹಳದಿ ಕಂಡಿದ್ದಕ್ಕೆ ಯೂರಿಯಾ ನೀರು ಹಾಕಿಸಿದ್ದರು. ಮೂರೂ ಮಲೆನಾಡಿನಲ್ಲಿ ಎಲ್ಲರೂ ಮಾಡುವುದೇ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ.

ಆದರೆ ಚಪ್ಪರದ ಒಂದು ಮೂಲೆಯಲ್ಲಿ ಗಿಡಗಳು ಹಸಿರಾಗಿ ನಗುತ್ತಿದ್ದವು. ಸುಮಾರು 300 ಕವರ್. ಅದರಲ್ಲಿ ಸತ್ತಿದ್ದು ಬರೀ 11.

"ಇವು ಯಾಕೆ ಚೆನ್ನಾಗಿವೆ ಭಾವ? ಬೇರೆ ಬೀಜವಾ?"

"ಇಲ್ಲ ಮಾರಾಯ, ಎಲ್ಲ ಒಂದೇ ಪಾತಿದು."

ನೆರಳು ಒಂದೇ, ನೀರು ಒಂದೇ, ನೆಟ್ಟ ಕೈಯೂ ಒಂದೇ. ಮೂಲೆ ಸ್ವಲ್ಪ ಎತ್ತರದಲ್ಲಿದೆ, ಅದಕ್ಕೇ ಇರಬಹುದು ಅಂದುಕೊಂಡೆ. ಆದರೆ ತಗ್ಗಿನ ಸಾಲಿನ ಮಧ್ಯೆಯೂ ಅಲ್ಲೊಂದು ಇಲ್ಲೊಂದು ಹಸಿರು ಗಿಡ ಇತ್ತು. ಆ ಕವರ್‌ನ ಮಣ್ಣು ನೋಡಿದರೆ ಕಪ್ಪು, ಪುಡಿಪುಡಿ. ಅಕ್ಕಪಕ್ಕದ ಕವರ್‌ನ ಮಣ್ಣು ಬೂದು ಬಣ್ಣ, ಮೇಲೆ ಪಾಚಿ. ಕವರ್ ತುಂಬುವ ಕೆಲಸಕ್ಕೆ ಬರುತ್ತಿದ್ದ ಅಜ್ಜಿಯನ್ನು ಕೇಳಿದೆ. ಅವರು ಸೆರಗಲ್ಲಿ ಕೈ ಒರೆಸಿಕೊಂಡು, "ಕೊನೇ ದಿನ ಕೆರೆಗೋಡು ಸಾಲ್ಲಿಲ್ಲ ಸ್ವಾಮಿ. ಅತ್ತಿಮರದ ಬುಡದ ಮಣ್ಣು ಕೆರಕೊಂಡು ಬಂದು ತುಂಬಿದ್ವಿ" ಅಂದರು.

ಕೆರೆಗೋಡು ಅಂದರೆ ಕೆರೆಯಿಂದ ತೆಗೆದ ಹೂಳು ಮಣ್ಣು. ಉಳಿದ ಕವರ್‌ಗಳಲ್ಲೆಲ್ಲ ಇದ್ದದ್ದು ಅದೇ. ಬೀಜದ ಮೇಲಿದ್ದ ಆರೋಪ ಅಲ್ಲಿಗೇ ಬಿತ್ತು.

ಕವರ್ ಒಳಗೆ

ಎರಡು ಥರದ ಕವರ್ ಪಕ್ಕಪಕ್ಕ ಇಟ್ಟು, ಒಂದೊಂದಕ್ಕೆ ಒಂದು ಲೋಟ ನೀರು ಹಾಕಿದೆವು. ಮರದ ಬುಡದ ಮಣ್ಣಿನ ಕವರ್‌ನಲ್ಲಿ ಒಂದು ನಿಮಿಷದೊಳಗೆ ನೀರು ಇಂಗಿ ತಳದ ತೂತಿನಿಂದ ಹೊರಗೆ ಬಂತು. ಇನ್ನೊಂದರಲ್ಲಿ ಕಾಫಿ ಕುಡಿದು ಬಂದರೂ ನೀರು ಬಾಯಲ್ಲೇ ನಿಂತಿತ್ತು. 20 ನಿಮಿಷದ ಮೇಲೂ ಮುಗಿದಿರಲಿಲ್ಲ.

ಆಮೇಲೆ ಬ್ಲೇಡ್ ತಂದು ಆ ಕವರ್ ಸೀಳಿದೆ. ಮೊದಲು ಬಂದಿದ್ದು ಮೋರಿ ವಾಸನೆ. ಮೇಲಿನ ಎರಡು ಇಂಚಲ್ಲಿ ನಾಲ್ಕಾರು ಬಿಳಿ ಬೇರು. ಅದರ ಕೆಳಗೆ ಬೇರೆಲ್ಲ ಕಂದು. ಬೆರಳಲ್ಲಿ ಎಳೆದರೆ ಬೇರಿನ ಸಿಪ್ಪೆ ಉದುರಿ ಒಳಗಿನ ನಾರು ಮಾತ್ರ ಕೈಗೆ ಬಂತು. ತಾಯಿಬೇರಿನ ತುದಿಯೇ ಇಲ್ಲ. ತಳದ ಮಣ್ಣು ನೀಲಿ ಬೆರೆತ ಬೂದು. ಗಾಳಿ ಸಿಗದ ಮಣ್ಣು ತಿರುಗುವ ಬಣ್ಣ ಅದು.

ಬುಡಕೊಳೆ ರೋಗವೂ ಇತ್ತು, ಸುಳ್ಳಲ್ಲ. ಮಣ್ಣಿನ ಮಟ್ಟದಲ್ಲಿ ಕಾಂಡ ಕಪ್ಪಾಗಿ ಸೊರಗಿದ ಗಿಡಗಳಿದ್ದವು. ಕಾಫಿ ಸಸಿಗೆ ಇದನ್ನು ತರುವುದು ರೈಜೋಕ್ಟೋನಿಯಾ ಅನ್ನುವ ಶಿಲೀಂಧ್ರ. ಅದು ಮಣ್ಣಲ್ಲೇ ಇರುವಂಥದ್ದು. ತೇವ ಹೆಚ್ಚಾಗಿ ಗಾಳಿ ಕಮ್ಮಿಯಾದ ಕಡೆ ಅದಕ್ಕೆ ಹಬ್ಬ. ಔಷಧಿ ಹೊಡೆದರೂ ಕವರ್ ಒಳಗಿನ ಕೆಸರು ಹಾಗೇ ಇತ್ತು. ಯೂರಿಯಾ ಹೀರಲು ಬೇರೇ ಇರಲಿಲ್ಲ. ಆ ಹಳದಿ ಹಸಿವಿನದಲ್ಲ, ಉಸಿರು ಕಟ್ಟಿದ್ದು.

"ಪುಸ್ತಕದಲ್ಲಿ ಇದ್ದಂಗೇ ಹಾಕಿದ್ದೀನಿ" ಅಂದರು ಭಾವ, ಸ್ವಲ್ಪ ಬೇಜಾರಲ್ಲಿ. ಅವರು ಹೇಳಿದ್ದು ನಿಜ. ಕಾಫಿ ನರ್ಸರಿಗೆ ಕಾಫಿ ಮಂಡಳಿ ಹೇಳುತ್ತಾ ಬಂದಿರುವ ಅಳತೆ 6:2:1. ಆರು ಬಾಂಡ್ಲಿ ಕಾಡುಮಣ್ಣು, ಎರಡು ಬಾಂಡ್ಲಿ ಚೆನ್ನಾಗಿ ಕಳಿತು ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ, ಒಂದು ಬಾಂಡ್ಲಿ ಮರಳು. ಭಾವ ಬಾಂಡ್ಲಿಯನ್ನು ಸರಿಯಾಗಿ ಎಣಿಸಿದ್ದರು. ಬಾಂಡ್ಲಿಯೊಳಗೆ ಇದ್ದದ್ದು ಮಾತ್ರ ಬೇರೆ.

ಆರು ಬಾಂಡ್ಲಿ ಕೆರೆಗೋಡು

ಹಿಂದಿನ ಬೇಸಿಗೆಯಲ್ಲಿ ಊರ ಕೆರೆಯ ಹೂಳು ತೆಗೆಸಿದ್ದರು. ಟ್ರ್ಯಾಕ್ಟರ್ ಬಾಡಿಗೆ ಕೊಟ್ಟರೆ ಮಣ್ಣು ಪುಕ್ಕಟೆ. ಕೆರೆಗೋಡು ಅಂದರೆ ನಮ್ಮ ಹಿರಿಯರಿಗೆ ಚಿನ್ನ. ಬರಡು ಹೊಲಕ್ಕೆ ನಾಲ್ಕು ಗಾಡಿ ಹೊಡೆದರೆ ಬೆಳೆ ಎದ್ದು ಬರುತ್ತದೆ. ಆ ಚಿನ್ನ ಕವರ್‌ಗೆ ಬಂದು ಕೆಸರಾಗಿದ್ದು ಹೇಗೆ?

ಮೊದಲು ಬಾಟಲಿ ಪರೀಕ್ಷೆ ಮಾಡಿದೆವು. ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚಿಟಿಕೆ ಸೋಪಿನ ಪುಡಿ. ಚೆನ್ನಾಗಿ ಕುಲುಕಿ ಇಡಬೇಕು. ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ. ಅದರ ಮೇಲೆ ಸಣ್ಣ ಗೋಡು ಕೂರಲು ಕೆಲವು ಗಂಟೆ ಬೇಕು. ಜೇಡಿ ಕೂರಲು ಒಂದು ದಿನವೋ, ಇನ್ನೂ ಜಾಸ್ತಿಯೋ. ಕೆರೆಗೋಡಿನ ಬಾಟಲಿಯಲ್ಲಿ ಮರಳು ಒಂದು ಗೆರೆಯಷ್ಟೇ ಕಂಡಿತು. ಮಾರನೇ ದಿನವೂ ಮೇಲಿನ ನೀರು ತಿಳಿಯಾಗಿರಲಿಲ್ಲ. ಕೆರೆಗೆ ಹರಿದು ಬರುವ ನೀರು ದಪ್ಪ ಕಾಳನ್ನು ದಾರಿಯಲ್ಲೇ ಬಿಟ್ಟು, ನುಣ್ಣನೆಯದನ್ನು ಮಾತ್ರ ಕೆರೆಯೊಳಗೆ ತರುತ್ತದೆ ಅಲ್ವಾ?

ಇದೇ ಮಣ್ಣು ಹೊಲದಲ್ಲಿ ಉಪಕಾರಿ, ಕವರ್‌ನಲ್ಲಿ ಅಪಕಾರಿ. ಇದಕ್ಕೆ ಕಾರಣ ಭಾವನಿಗೆ ಬಾಯಲ್ಲಿ ಹೇಳಿದರೆ ಒಪ್ಪಲಿಲ್ಲ. ಅಕ್ಕನ ಹತ್ತಿರ ಪಾತ್ರೆ ತೊಳೆಯುವ ಸ್ಪಂಜ್ ಇಸಕೊಂಡೆ. ನೀರಲ್ಲಿ ಅದ್ದಿ, ಅಡ್ಡ ಮಲಗಿಸಿ ಅಂಗೈ ಮೇಲೆ ಹಿಡಿದೆ. ಹನಿ ಬಿದ್ದು ಬಿದ್ದು ನಿಂತಿತು. "ನೀರು ಖಾಲಿ ಆಯ್ತಾ ಭಾವ?" "ಆಯ್ತು." ಅದನ್ನೇ ಉದ್ದಕ್ಕೆ ನೆಟ್ಟಗೆ ನಿಲ್ಲಿಸಿದೆ. ಮತ್ತೆ ತೊಟತೊಟ ಅಂತ ನೀರು ಸುರಿಯಿತು.

ಕವರ್‌ನಲ್ಲೂ ಇದೇ ನಡೆಯುತ್ತದೆ. ತೂತು ಎಷ್ಟೇ ಇರಲಿ, ತಳದಲ್ಲಿ ಒಂದು ಪದರ ನೀರು ನಿಂತೇ ನಿಲ್ಲುತ್ತದೆ. ಆ ಪದರ ಎಷ್ಟು ದಪ್ಪ ಅನ್ನುವುದನ್ನು ತೀರ್ಮಾನಿಸುವುದು ಮಣ್ಣಿನ ಕಾಳುಗಳ ನಡುವಿನ ಸಂದು. ಸಂದು ದೊಡ್ಡದಿದ್ದರೆ ಪದರ ತೆಳು. ಸಂದು ಸಣ್ಣದಿದ್ದರೆ ನೀರು ಅಂಟಿಕೊಂಡು ಬಹಳ ಮೇಲಿನವರೆಗೂ ನಿಲ್ಲುತ್ತದೆ. ಹೊಲದಲ್ಲಿ ಕೆಳಗೆ ಇನ್ನೂ ಹತ್ತಾರು ಅಡಿ ಮಣ್ಣಿದೆ, ಅದು ನೀರನ್ನು ಎಳೆದುಕೊಳ್ಳುತ್ತದೆ. ಕವರ್‌ನಲ್ಲಿ ಎಂಟು ಇಂಚಿಗೆ ಭೂಮಿ ಮುಗಿಯಿತು. ಅದರಲ್ಲಿ ಐದಾರು ಇಂಚು ಕೆಸರೇ ಆದರೆ ಬೇರಿಗೆ ಉಳಿಯುವುದು ಎರಡು ಇಂಚು. ಬೇರುಗಳು ಇದ್ದದ್ದೂ ಅಲ್ಲೇ.

ಭಾವ ಸುಲಭಕ್ಕೆ ಸೋಲುವವರಲ್ಲ. "ಬಾಬಾಬುಡನ್ ಏಳು ಬೀಜ ತಂದು ಹಾಕಿದಾಗ ಸ್ಪಂಜ್ ಹಿಡಕೊಂಡು ಯಾರು ಬಂದಿದ್ರು?" ಅಂದರು.

"ಅವರು ಕವರ್‌ಗೆ ಹಾಕಲಿಲ್ಲ ಭಾವ, ಬೆಟ್ಟಕ್ಕೆ ಹಾಕಿದ್ರು."

ಅಕ್ಕ ಜೋರಾಗಿ ನಕ್ಕಳು. ಆದರೆ ಅವಳ ಗುಲಾಬಿ ಕುಂಡದ ತಳದಲ್ಲೂ ನೀರು ಬಸಿಯಲಿ ಅಂತ ಜಲ್ಲಿ ಹಾಕಿದ್ದಳು. ಇದು ಎಲ್ಲರ ಮನೆಯಲ್ಲೂ ನಡೆದು ಬಂದ ನಂಬಿಕೆ. ಜಲ್ಲಿ ಹಾಕಿದರೆ ಆ ಒದ್ದೆ ಪದರ ಹೋಗುವುದಿಲ್ಲ. ಜಲ್ಲಿಯ ಮೇಲಕ್ಕೆ ಬಂದು ಕೂರುತ್ತದೆ, ಬೇರಿಗೆ ಇನ್ನೂ ಹತ್ತಿರ. ಬದಲಾಯಿಸಬೇಕಾದದ್ದು ಮಣ್ಣನ್ನೇ.

ಮರಳಿನ ಬಾಂಡ್ಲಿ ಇನ್ನೊಂದು ಕಥೆ. ಮನೆ ಕಟ್ಟಿಸಿದಾಗ ಉಳಿದ ಎಂ ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳಿನ ರಾಶಿ ಹಿತ್ತಲಲ್ಲಿತ್ತು. ಅದನ್ನೇ ಹಾಕಿದ್ದರು. ಒಂದು ಹಿಡಿ ಬಕೆಟ್ ನೀರಿಗೆ ಹಾಕಿ ಕದಡಿದರೆ ನೀರು ಮಜ್ಜಿಗೆಯ ಹಾಗಾಯಿತು. ಅದರಲ್ಲಿ ಕಾಳಿಗಿಂತ ಕಲ್ಲಿನ ಧೂಳೇ ಜಾಸ್ತಿ. ಆ ಧೂಳು ಇದ್ದ ಸಂದನ್ನೂ ಮುಚ್ಚಿತು. ಜೇಡಿಗೆ ಒಂದು ಪಾಲು ನುಣ್ಣನೆ ಪುಡಿ ಸೇರಿಸಿದರೆ ಮಣ್ಣು ಸಡಿಲವಾಗುವುದಿಲ್ಲ, ಇಟ್ಟಿಗೆಯ ಹದಕ್ಕೆ ಬರುತ್ತದೆ. ಬೇಸಿಗೆಯಲ್ಲೇ ಕವರ್ ಕಲ್ಲಾಗಿದ್ದವು ಅಂತ ಅಜ್ಜಿ ಹೇಳಿದರು. ಕಳೆ ಕೀಳಲು ಬೆರಳು ಇಳಿಯುತ್ತಿರಲಿಲ್ಲವಂತೆ. ಆ ಮಾತನ್ನು ಯಾರೂ ಆಗ ಕಿವಿಗೆ ಹಾಕಿಕೊಂಡಿರಲಿಲ್ಲ.

ಗೊಬ್ಬರ ಪೂರಾ ಕಳಿತಿರಲಿಲ್ಲ. ತಿಪ್ಪೆಯ ಮೇಲ್ಭಾಗದಿಂದ ತೆಗೆದದ್ದು, ಮಧ್ಯೆ ಕಾಫಿ ಸಿಪ್ಪೆ ಹಾಗೇ ಇತ್ತು. ಕಳಿಯದ ಸಿಪ್ಪೆ ತಾನು ಕಳಿಯಲು ಮಣ್ಣಿನ ಸಾರಜನಕವನ್ನೇ ತಿನ್ನುತ್ತದೆ, ಗಿಡಕ್ಕೆ ಬಿಡುವುದಿಲ್ಲ. ಕೆಲವು ಕವರ್‌ನಲ್ಲಿ ಗೊಣ್ಣೆಹುಳು ಸಿಕ್ಕಿದ್ದೂ ಈ ಗೊಬ್ಬರದ ಉಡುಗೊರೆಯೇ.

ಆ ಮಳೆಗಾಲದಲ್ಲಿ ಆದದ್ದು

ಯೂರಿಯಾ ನಿಲ್ಲಿಸಿದೆವು. ಸತ್ತ ಕವರ್‌ಗಳನ್ನು ಹೊರಗೆ ಹಾಕಿದೆವು. ಉಳಿದವನ್ನು ನೆಲದಿಂದ ಎತ್ತಿ ಅಡಿಕೆ ದಬ್ಬೆಯ ಮೇಲೆ ಇಟ್ಟೆವು. ಕೆಸರು ಮೆತ್ತಿ ಮುಚ್ಚಿದ್ದ ತೂತುಗಳನ್ನು ಕಡ್ಡಿಯಲ್ಲಿ ಬಿಡಿಸಿ, ಚಪ್ಪರದ ಮೇಲೆ ಪ್ಲಾಸ್ಟಿಕ್ ಹೊದಿಸಿದೆವು. ಹಳದಿಯಾಗಿದ್ದ 900ರಲ್ಲಿ 500ರಷ್ಟು ನಿಧಾನಕ್ಕೆ ಚೇತರಿಸಿಕೊಂಡವು.

ನಾನು ಒಂದು ತಪ್ಪು ಮಾಡಿದೆ. ಮಳೆಯಲ್ಲೇ ಮಣ್ಣು ಬದಲಾಯಿಸಿ ನೋಡೋಣ ಅಂತ 60 ಗಿಡ ಬಿಚ್ಚಿಸಿ ಹೊಸ ಮಣ್ಣಿಗೆ ಹಾಕಿಸಿದೆ. ಅದರಲ್ಲಿ 20 ಕೂಡ ಉಳಿಯಲಿಲ್ಲ. ಇದ್ದ ಎರಡು ಇಂಚು ಬೇರನ್ನೂ ನಾನೇ ಹರಿದಿದ್ದೆ. ಸುಮ್ನೆ ದಬ್ಬೆಯ ಮೇಲೆ ಬಿಟ್ಟ ಗಿಡಗಳೇ ವಾಸಿ ಅನ್ನಿಸಿತು.

ಎರಡನೇ ವರ್ಷ

ಈ ಸಲ ಕೆಲಸ ನವೆಂಬರ್‌ನಲ್ಲೇ ಶುರುವಾಯಿತು. ಮೊದಲು ಲೆಕ್ಕ. ಆ ಅಳತೆಯ ಕವರ್‌ಗೆ ಹೆಚ್ಚುಕಮ್ಮಿ ಒಂದೂವರೆ ಲೀಟರ್ ಮಣ್ಣು ಹಿಡಿಯುತ್ತದೆ. 1,500 ಕವರ್‌ಗೆ 2,250 ಲೀಟರ್. 6:2:1 ಅಂದರೆ ಒಂಬತ್ತು ಪಾಲು. ಹಾಗಾಗಿ ಮಣ್ಣು 1,500 ಲೀಟರ್, ಗೊಬ್ಬರ 500, ಮರಳು 250. ಬೆರೆಸಿದಾಗ ಒಂದರೊಳಗೊಂದು ಇಳಿದು ರಾಶಿ ಕುಗ್ಗುತ್ತದೆ, ಅದಕ್ಕೆ ಹತ್ತನೇ ಒಂದು ಪಾಲು ಜಾಸ್ತಿ. ಈ ಅಳತೆ ತೂಕದ್ದಲ್ಲ, ಗಾತ್ರದ್ದು. ಹಿಂದಿನ ವರ್ಷ ಯಾರೂ ಈ ಲೆಕ್ಕ ಹಾಕಿರಲಿಲ್ಲ. ಅದಕ್ಕೇ ಕೊನೆಯ ದಿನ ಮಣ್ಣು ಸಾಲದೆ ಹೋಗಿತ್ತು. ಆ ಲೆಕ್ಕದ ತಪ್ಪೇ ನಮಗೆ ರೋಗದ ಮೂಲ ತೋರಿಸಿತು, ಅದು ಬೇರೆ ಮಾತು.

ಕಾಡುಮಣ್ಣು ಅಂತ ಪುಸ್ತಕ ಹೇಳುತ್ತದೆ ಅಂತ ಕಾಡಿಗೆ ಹೋಗುವ ಹಾಗಿಲ್ಲ. ಮೀಸಲು ಅರಣ್ಯದಿಂದ ಮಣ್ಣು ತೆಗೆಯುವುದು ಅಪರಾಧ. ತೋಟದೊಳಗೇ ಅತ್ತಿ, ಬಸರಿ ಮರಗಳ ಕೆಳಗೆ ಎಲೆ ಬಿದ್ದು ಕಳಿತ ಮಣ್ಣಿದೆ. ಮೇಲಿನ ನಾಲ್ಕು ಇಂಚು ಮಾತ್ರ ಕೆರೆದೆವು, ಒಂದೇ ಮರದ ಬುಡ ಬರಿದು ಮಾಡದೆ. ಸತ್ತ ಮರದ ಬೊಡ್ಡೆಯ ಸುತ್ತ ಮಾತ್ರ ಮುಟ್ಟಲಿಲ್ಲ. ಬೇರುರೋಗ ಇರುವುದು ಅಲ್ಲೇ. ಕಿತ್ತ ಹಳೆ ಕಾಫಿ ಗಿಡದ ಗುಂಡಿಯ ಮಣ್ಣೂ ಬೇಡ ಅಂದೆ, ಅದರಲ್ಲಿ ಬೇರು ಕೊರೆಯುವ ಜಂತುಹುಳು ಇರಬಹುದು.

ಮಣ್ಣು ಪರೀಕ್ಷೆಗೆ ಕೊಟ್ಟೆವು. ರಸಸಾರ (ಪಿಎಚ್) 5.4 ಬಂತು. ಮಳೆ ಸುಣ್ಣದ ಅಂಶವನ್ನು ತೊಳೆದುಬಿಡುವುದರಿಂದ ನಮ್ಮ ಕಡೆ ಮಣ್ಣು ಹುಳಿ. ಕಾಫಿಗೆ 6ರಿಂದ 6.5 ಇದ್ದರೆ ಒಳ್ಳೆಯದು. ವರದಿಯಲ್ಲಿ ಹೇಳಿದಷ್ಟು ಕೃಷಿ ಸುಣ್ಣವನ್ನು ಮಣ್ಣಿಗೆ ಆಗಲೇ ಬೆರೆಸಿ ಬಿಟ್ಟೆವು. ಗೊಬ್ಬರವನ್ನು ಆ ದಿನ ಸೇರಿಸಲಿಲ್ಲ. ಎರಡೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಹಾರಿ ಹೋಗುತ್ತದೆ.

ಗೊಬ್ಬರ ಕಳಿತಿದೆಯೋ ಇಲ್ಲವೋ ಅಂತ ನೋಡಲು ಒದ್ದೆ ಗೊಬ್ಬರದ ಒಂದು ಹಿಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೂರು ದಿನ ಇಟ್ಟೆವು. ಬಿಚ್ಚಿದಾಗ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಸರಿ. ಘಾಟು ಬಂದರೆ ಇನ್ನೂ ಕಾಯಬೇಕು. ಭಾವನ ತಿಪ್ಪೆಯ ತಳದ್ದು ಪಾಸಾಯಿತು, ಮೇಲಿನದ್ದು ಫೇಲ್. ಪಾಸಾದದ್ದರಲ್ಲಿ ಅಜ್ಜಿ ತಮ್ಮ ತೃಪ್ತಿಗೆ ಹೆಸರುಕಾಳು ಬಿತ್ತಿ ನೋಡಿದರು. ಬೇರು ಸುಡದೆ ಮೊಳಕೆ ನೆಟ್ಟಗೆ ಬಂತು.

ಹೆಚ್ಚಿನ ಕವರ್‌ಗಳನ್ನು ಈ ಮಣ್ಣಿನಲ್ಲೇ ತುಂಬಿ, ಜೊತೆಗೆ ಮೂರು ಬೇರೆ ಮಿಶ್ರಣವನ್ನೂ ಪರೀಕ್ಷೆಗೆ ಇಟ್ಟೆವು. ಮರದ ಬುಡದ ಮಣ್ಣು, ಕಳಿತ ಗೊಬ್ಬರ, ತೊಳೆದ ದಪ್ಪ ಹೊಳೆಮರಳು ಸೇರಿದ 6:2:1ರಲ್ಲಿ ಗುರುತು ಹಾಕಿದ್ದು 100 ಕವರ್. ಕೆರೆಗೋಡು ಎರಡು, ದಪ್ಪ ಮರಳು ಎರಡು, ಗೊಬ್ಬರ ಒಂದು ಪಾಲಿನದು 100. ಮರದ ಬುಡದ ಮಣ್ಣು ಮೂರು, ತೆಂಗಿನ ನಾರಿನ ಪುಡಿ ಎರಡು, ಗೊಬ್ಬರ ಒಂದು ಪಾಲಿನದು 100. ಹಳೆಯ ಮಿಶ್ರಣ ಇದ್ದ ಹಾಗೇ 50. ಕೊನೆಯದಕ್ಕೆ ಭಾವ ಜಗಳ ಮಾಡಿದರು. "ಸಾಯೋದು ಗೊತ್ತಿದ್ದೂ ಯಾಕೋ ನೆಡೋದು?" ಮಳೆಯೇ ಕಮ್ಮಿಯಾಗಿ ಎಲ್ಲವೂ ಬದುಕಿಬಿಟ್ಟರೆ ಏನು ಗೊತ್ತಾದ ಹಾಗಾಯಿತು ಅಂತ ಒಪ್ಪಿಸಿದೆ. ಕವರ್‌ಗಳನ್ನು ಸಾಲಲ್ಲಿ ಕಲಸಿ ಇಟ್ಟೆವು, ಎತ್ತರ-ತಗ್ಗಿನ ತಕರಾರು ಬರದಂತೆ.

ಆಗಸ್ಟ್ ಕೊನೆಯ ಎಣಿಕೆಯಲ್ಲಿ ಮೊದಲನೆಯದರಲ್ಲಿ 96 ಗಿಡ ಗಟ್ಟಿಯಾಗಿದ್ದವು. ಹಳೆಯ ಮಿಶ್ರಣದ 50ರಲ್ಲಿ ಉಳಿದದ್ದು 22, ಅವೂ ಸೊರಗಿದ್ದವು. ಮರಳು ಜಾಸ್ತಿ ಮಾಡಿದ ಕೆರೆಗೋಡಿನಲ್ಲಿ 81 ಬದುಕಿದವು, ಅಂದರೆ ಕೆರೆಗೋಡು ಪೂರಾ ಕೆಟ್ಟದ್ದಲ್ಲ. ಆದರೆ ಅಷ್ಟು ಹೊಳೆಮರಳಿಗೆ ಕೊಟ್ಟ ದುಡ್ಡಿನಲ್ಲಿ ಪುಕ್ಕಟೆ ಮಣ್ಣಿನ ಲಾಭ ಹೋಯಿತು. ಒದ್ದೆಯಾದಾಗ ಒಂದೊಂದು ಕವರ್ ಎತ್ತಿದರೆ ಕೈ ಸೋಲುತ್ತಿತ್ತು. ಗುಡ್ಡ ಹತ್ತಿಸಿ ನೆಡುವವರು ಇದನ್ನು ನೋಡಿದರೆ ಕೂಲಿ ಜಾಸ್ತಿ ಕೇಳುತ್ತಾರೆ.

ನಾರಿನ ಪುಡಿಯ ಮೇಲೆ ನನಗೇ ಬಹಳ ಆಸೆ ಇತ್ತು. ಹಗುರ, ಸಂದು ಜಾಸ್ತಿ. 93 ಉಳಿದವು ಕೂಡ. ಆದರೆ ಅದು ಕೇಳುವ ಉಪಚಾರ ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ. ಒತ್ತಿ ಇಟ್ಟಿಗೆ ಮಾಡಿದ ಐದು ಕೆಜಿ ಪುಡಿಯನ್ನು ನೀರಿಗೆ ಹಾಕಿದರೆ 60-70 ಲೀಟರ್ ಆಗುತ್ತದೆ. ತೊಳೆಯದ ಪುಡಿಯಲ್ಲಿ ಉಪ್ಪು ಇರುತ್ತದೆ, ಮೂರು ಸಲ ನೀರು ಬದಲಾಯಿಸಿದೆವು. ಏಪ್ರಿಲ್‌ನಲ್ಲಿ ಅಕ್ಕನ ಮನೆಯವರು ಎರಡು ದಿನ ಮದುವೆಗೆ ಹೋಗಿ ಬರುವಷ್ಟರಲ್ಲಿ ಈ ಕವರ್‌ಗಳೇ ಮೊದಲು ಬಾಡಿದ್ದು. ಒಮ್ಮೆ ಪೂರ್ತಿ ಒಣಗಿದ ಮೇಲೆ ಮೇಲಿಂದ ಹಾಕಿದ ನೀರು ಅಂಚಿನಿಂದ ಜಾರಿ ಹೋಗುತ್ತಿತ್ತು. ಮಳೆಗಾಲದಲ್ಲಿ ಗೊಬ್ಬರದ ಸತ್ವ ಬೇಗ ತೊಳೆದುಹೋಗಿ ಎಲೆ ಬಿಳಿಚಿತು, ಎರಡು ಸಲ ಪೋಷಕ ನೀರು ಕೊಟ್ಟ ಮೇಲೆ ಸರಿಹೋಯಿತು. ದಿನಾ ನೋಡಿಕೊಳ್ಳುವ ದೊಡ್ಡ ನರ್ಸರಿಗೆ ಇದು ಸರಿ. ಭಾವನಂಥವರಿಗೆ ಅತ್ತಿಮರದ ಬುಡವೇ ಸಾಕು.

ಸೆಪ್ಟೆಂಬರ್‌ನಲ್ಲಿ ಗಿಡ ನೆಡುವ ದಿನ ನಾನೂ ಹೋಗಿದ್ದೆ. ಕವರ್ ಸೀಳಿದರೆ ಮಣ್ಣಿನ ಹೆಂಟೆ ಒಡೆಯದೆ, ಸುತ್ತ ಬಿಳಿ ಬೇರು ಹೆಣೆದುಕೊಂಡು ಹಾಗೇ ಕೈಗೆ ಬರುತ್ತಿತ್ತು. ಭಾವ ಪ್ರತಿ ಹತ್ತನೇ ಕವರ್ ಮೂಸಿ ನೋಡುತ್ತಿದ್ದರು. ಈ ಸಲದ ಪರೀಕ್ಷೆಗೆ ತರಿಸಿ ಉಳಿದಿದ್ದ ಕೆರೆಗೋಡನ್ನು ಬೇಸಿಗೆಯಲ್ಲೇ ಬಾಳೆ ಬುಡಕ್ಕೆ ಹಾಕಿಸಿದ್ದರಂತೆ. ಊಟಕ್ಕೆ ಕೂತಾಗ ಅಕ್ಕ ಆ ಬಾಳೆಯ ಎಲೆಯನ್ನೇ ಹಾಸಿದಳು. ಒಬ್ಬೊಬ್ಬರಿಗೆ ಅರ್ಧ ಎಲೆ ಸಾಕಾಯಿತು, ಅಷ್ಟು ಅಗಲ.